ವೆಝಲೆಯ ಬಾಗಿಲ ಮೇಲಿನ ಮೊರದಗಲ ಕಿವಿಯವರು

ವೆಝಲೆ ಎಂದರೆ ಒಂದು ಗುಡ್ಡ, ಗುಡ್ಡದ ಬೆನ್ನೇರುವ ಒಂದು ಬೀದಿ, ಬೀದಿಯ ತುದಿಯಲ್ಲಿ ಮಗ್ದಲೇನ ಮರಿಯಳ ಚರ್ಚು. ಫ್ರಾನ್ಸಿನ ಬರ್ಗಂಡಿಯ ಈ ಪುಟ್ಟ ಹಳ್ಳಿಗೆ ಹೋದ ಜೂನ್ 21ರಂದು ಮಗಳ ತೋಳು ಹಿಡಿದು ಹತ್ತಿದೆ. ಮಂಡಿ ನೋವು ಬೀದಿಯುದ್ದಕ್ಕೂ ಇತ್ತು. ಮೇಲೆ ಮುಟ್ಟಿದ ಮೇಲೆ ಅದರ ನೆನಪೂ ಬರಲಿಲ್ಲ.

ಹೊರಬಾಗಿಲ ಶಿಲ್ಪ 19ನೇ ಶತಮಾನದ್ದು. ಕುಸಿಯುವ ಸ್ಥಿತಿಯಲ್ಲಿದ್ದ ಕಟ್ಟಡವನ್ನು 1840ರಲ್ಲಿ ದುರಸ್ತಿಗಾಗಿ ವಾಸ್ತುಶಿಲ್ಪಿ ವಿಯೊಲೆ-ಲ-ದ್ಯುಕ್ ಕೈಗೆ ಒಪ್ಪಿಸಿದಾಗ ಆತನಿಗೆ 26 ವರ್ಷ. ಆ ತರುಣನಿಗೆ ಎಷ್ಟು ಕೈ ಮುಗಿದರೂ ಸಾಲದು. ನೋಡಬೇಕಾದ ಬಾಗಿಲು ಒಳಗಿದೆ. ಮೊಗಸಾಲೆಯಲ್ಲಿ ನಿಂತು ತಲೆ ಎತ್ತಿದರೆ 12ನೇ ಶತಮಾನದ ಅರ್ಧವೃತ್ತಾಕಾರದ ಶಿಲ್ಪ. ನಡುವೆ ಕ್ರಿಸ್ತ, ಆತನ ಕೈಬೆರಳುಗಳಿಂದ ಶಿಷ್ಯರ ಕಡೆಗೆ ಹೊರಟ ಕಿರಣಗಳು. ಸೊಂಟದ ಬಳಿ ಉಡುಪಿನ ನೆರಿಗೆ ಹೊಳೆಯ ಸುಳಿಯಂತೆ ಸುತ್ತಿಕೊಂಡಿದೆ. ಬಟ್ಟೆಯನ್ನು ಇಷ್ಟು ಜೀವಂತವಾಗಿ ಕಡೆದ ಕಲ್ಲನ್ನು ನಾನು ಬೇರೆಲ್ಲೂ ಕಂಡಿಲ್ಲ.

ಲೋಕದ ಎಲ್ಲ ಜನರ ಬಳಿಗೆ ಹೋಗಿ ಎಂದು ಶಿಷ್ಯರನ್ನು ಕಳಿಸುವ ಸನ್ನಿವೇಶವಾದ್ದರಿಂದ ಶಿಲ್ಪಿ ಆ ಲೋಕವನ್ನೂ ಕಡೆಯಬೇಕಾಯಿತು. ಮೇಲಿನ ಚೌಕಗಳಲ್ಲಿ ನಾಯಿಮುಖದವರು ಮಾತಿಗೆ ನಿಂತಿದ್ದಾರೆ. ಬಾಗಿಲ ತೊಲೆಯ ಮೇಲೆ ಗಿಡ್ಡರು ಏಣಿ ಹಾಕಿ ಕುದುರೆ ಹತ್ತುತ್ತಿದ್ದಾರೆ. ಬಲತುದಿಯಲ್ಲಿ ಮೊರದಗಲ ಕಿವಿಯವರು.

ಅವರನ್ನು ಕಂಡದ್ದೇ ನನ್ನ ಮೈ ಜುಮ್ಮೆಂದಿತು. ನಾನು 31 ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿದವಳು. ಪಾಠದಲ್ಲಿ ಗ್ರೀಕ್ ರಾಯಭಾರಿ ಮೆಗಾಸ್ತನೀಸ್ ಬಂದಾಗಲೆಲ್ಲ ಪಾಟಲಿಪುತ್ರದ ಕೋಟೆಯ ವಿಷಯ ಹೇಳಿ ಮುಂದೆ ಹೋಗುತ್ತಿದ್ದೆ. ಭಾರತದಲ್ಲಿ ಕಿವಿಯನ್ನೇ ಹೊದ್ದು ಮಲಗುವ ಜನರಿದ್ದಾರೆ ಎಂದು ಅವನು ಬರೆದದ್ದನ್ನು ಮಕ್ಕಳಿಗೆ ಹೇಳಲೇ ಇಲ್ಲ, ಕಟ್ಟುಕಥೆ ಎಂದು ಬಿಟ್ಟುಬಿಟ್ಟೆ. ಆದರೆ ಮಹಾಭಾರತದ ಸಭಾಪರ್ವದಲ್ಲಿ, ಸಹದೇವನ ದಕ್ಷಿಣ ದಿಗ್ವಿಜಯದಲ್ಲಿ, ಕರ್ಣಪ್ರಾವರಣರು ಬರುತ್ತಾರೆ. ಕಿವಿಯೇ ಹೊದಿಕೆಯಾದವರು ಎಂದೇ ಆ ಹೆಸರಿನ ಅರ್ಥ. ನಮ್ಮ ನೆಲದಲ್ಲಿ ಯಾರೋ ಹೇಳಿದ ಕಥೆ ಗ್ರೀಕರ ಕಿವಿಗೆ ಬಿದ್ದು, ರೋಮನ್ನರ ಗ್ರಂಥಗಳನ್ನು ದಾಟಿ, ಕ್ರೈಸ್ತ ಮಠಗಳನ್ನು ಹೊಕ್ಕು ಬರ್ಗಂಡಿಯ ಉಳಿಗೆ ಸಿಕ್ಕಿತು ಎಂದೇ ನಾನು ನಂಬುತ್ತೇನೆ.

"ಅಮ್ಮ, ಬೇಗ ಬಾ, ಬೆಳಕು ಬಂದಿದೆ" ಎಂದು ಮಗಳು ಒಳಗಿನಿಂದ ಕರೆದಳು.

ಗಡಿಯಾರದಲ್ಲಿ ಮಧ್ಯಾಹ್ನ 1.45 ದಾಟಿತ್ತು. ಅಲ್ಲಿ ಬೇಸಿಗೆಯಲ್ಲಿ ಗಡಿಯಾರವನ್ನು ಮುಂದಿಡುವುದರಿಂದ ಸೂರ್ಯ ನೆತ್ತಿಗೇರುವುದೇ ಆಗ. ವರ್ಷದಲ್ಲೇ ಅತಿ ಎತ್ತರಕ್ಕೆ, ಸುಮಾರು 66 ಡಿಗ್ರಿಗೆ ಏರಿದ ಆ ಬಿಸಿಲು ದಕ್ಷಿಣ ಗೋಡೆಯ ಮೇಲಿನ ಕಿಟಕಿಗಳಿಂದ ಇಳಿದು ಹಜಾರದ ಸರಿಯಾದ ನಡುಗೆರೆಯಲ್ಲಿ ಬಿದ್ದಿತ್ತು. ಅಂಕಣ ಅಂಕಣಕ್ಕೂ ಒಂದೊಂದು ಬೆಳಕಿನ ಮಡು, ನೇರ ಪೀಠದ ಕಡೆಗೆ. ಚಳಿಗಾಲದ ಸೂರ್ಯ ತಗ್ಗಿರುವುದರಿಂದ ಅದೇ ಕಿಟಕಿಗಳ ಬೆಳಕು ಎದುರುಗೋಡೆಯ ಬೋದಿಗೆಗಳನ್ನು ಬೆಳಗುತ್ತದೆ. ನೆತ್ತಿಯ ಕಮಾನುಗಳ ಕಲ್ಲುಗಳು ಒಂದು ತಿಳಿ, ಒಂದು ಕಂದು. ಯಾರೂ ಮಾತನಾಡಲಿಲ್ಲ. ಬೆಳಕು ಓರೆಯಾಗುವವರೆಗೆ ಕಂಬಕ್ಕೆ ಒರಗಿ ನಿಂತಿದ್ದೆ.

ಹೊರಡುವಾಗ ಮತ್ತೆ ಆ ಬಾಗಿಲಿಗೆ ಬಂದು, ಮಗಳನ್ನು ಬಲಗಡೆಗೆ ನಿಲ್ಲಿಸಿ, ಸಹದೇವ ದಕ್ಷಿಣಕ್ಕೆ ಹೊರಟಲ್ಲಿಂದ ಕಥೆ ಶುರುಮಾಡಿದೆ.