ಬೇಕಾಗಿದ್ದುದು ಒಂದು ಕರೆ

ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ, ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಳಿತು ಹೊಸ ಫೋನಿನಲ್ಲಿ ಏನನ್ನೋ ಓದುತ್ತಿದ್ದಾಗ, ಐವತ್ತರ ಆಸುಪಾಸಿನ ಮಹಿಳೆಯೊಬ್ಬರು ನನ್ನ ಮುಂದೆ ಬಂದು ನಿಂತರು. ಅವರ ಕೈಯಲ್ಲೂ ಒಂದು ಫೋನಿತ್ತು, ಅದರ ಪರದೆ ಕಪ್ಪಾಗಿತ್ತು. "ಚಾರ್ಜ್ ಮುಗಿದುಹೋಗಿದೆ. ಮಗ ಕರೆದುಕೊಂಡು ಹೋಗೋಕೆ ಬರ್ತಾನೆ, ಎಲ್ಲಿ ನಿಂತಿದ್ದೀನಿ ಅಂತ ಹೇಳಬೇಕು. ಒಂದು ನಿಮಿಷ ನಿಮ್ಮ ಫೋನ್ ಕೊಡ್ತೀರಾ?" ಎಂದು ಕೇಳಿದರು. ನನ್ನ ಫೋನಿನಲ್ಲೂ ಚಾರ್ಜ್ ಇಲ್ಲ ಎಂದೆ. ಹಾಗೆ ಹೇಳುವಾಗ ಅದೇ ಫೋನಿನ ಬೆಳಕು ನನ್ನ ಮುಖದ ಮೇಲೆ ಬೀಳುತ್ತಿತ್ತು. ಅವರು ಒಮ್ಮೆ ಫೋನನ್ನೂ ಒಮ್ಮೆ ನನ್ನನ್ನೂ ನೋಡಿ, "ಪರವಾಗಿಲ್ಲ ಬಿಡಿ" ಎಂದು ಪಕ್ಕದ ಬೆಂಚಿನ ಕಡೆಗೆ ನಡೆದರು. ಅಷ್ಟರಲ್ಲಿ ನನ್ನ ಬಸ್ ಬಂತು. ಹತ್ತಿ ಕುಳಿತ ಮೇಲೆ ಕಿಟಕಿಯಿಂದ ನೋಡಿದೆ, ಅವರು ಇನ್ನೂ ಯಾರನ್ನೋ ಕೇಳುತ್ತಿದ್ದರು.

ಆ "ಪರವಾಗಿಲ್ಲ" ಎಂಬ ಮಾತು ಬಹಳ ದಿನ ನನ್ನನ್ನು ಬಿಡಲಿಲ್ಲ. ಫೋನ್ ಕೊಡದಿದ್ದುದಕ್ಕಿಂತ ಸುಳ್ಳು ಹೇಳಿದ್ದು ಹೆಚ್ಚು ಕಾಡಿತು. ಆದರೆ ಅಂದು ನಾನು ಹೆದರಿದ್ದು ಸುಳ್ಳು ಹೆದರಿಕೆಯೇನೂ ಆಗಿರಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಹೀಗಾಗಿ, ದುಬಾರಿ ಫೋನನ್ನು ಗುರುತು ಪರಿಚಯವಿಲ್ಲದವರ ಕೈಗೆ ಕೊಡಬಹುದೇ ಎಂಬ ಪ್ರಶ್ನೆಯನ್ನು ನಾನು ಅಂದಿನಿಂದ ಗಂಭೀರವಾಗಿಯೇ ತೆಗೆದುಕೊಂಡಿದ್ದೇನೆ.

ಮೊದಲಿಗೆ ಹೆದರಿಕೆಯ ಮಾತು. ಫೋನಿನ ಬೆಲೆ ಎಷ್ಟೇ ಹೆಚ್ಚಿರಲಿ, ಅದು ಕಳೆದುಹೋದರೆ ಆಗುವ ನಷ್ಟದಲ್ಲಿ ಆ ಬೆಲೆ ಸಣ್ಣ ಪಾಲು ಮಾತ್ರ. ಬ್ಯಾಂಕ್ ಖಾತೆ, ಇಮೇಲ್, ಮನೆಯವರ ಫೋಟೋಗಳು, ಯಾವುದೇ ಪಾಸ್‌ವರ್ಡ್ ಬದಲಿಸಲು ಬೇಕಾಗುವ ಒಟಿಪಿ, ಎಲ್ಲವೂ ಅದರೊಳಗೇ ಇವೆ. ಲಾಕ್ ತೆಗೆದ ಫೋನನ್ನು ಇನ್ನೊಬ್ಬರ ಕೈಯಲ್ಲಿಡುವುದೆಂದರೆ ಇಷ್ಟನ್ನೂ ಒಂದೇ ಬಾರಿಗೆ ಒಪ್ಪಿಸಿದಂತೆ. ಲಾಕ್ ತೆಗೆಯುವಾಗ ಪಕ್ಕದಲ್ಲಿ ನಿಂತು ಪಾಸ್‌ಕೋಡನ್ನು ನೋಡಿಟ್ಟುಕೊಂಡು, ಆಮೇಲೆ ಫೋನ್ ಕಸಿದುಕೊಂಡು, ಅದೇ ಪಾಸ್‌ಕೋಡಿನಿಂದ ಮಾಲೀಕನ ಖಾತೆಯ ಪಾಸ್‌ವರ್ಡನ್ನೇ ಬದಲಿಸಿಬಿಡುವ ಕಳ್ಳತನದ ವಿಧಾನ 2023ರಲ್ಲಿ ದೊಡ್ಡ ಸುದ್ದಿಯಾಯಿತು. ಅದಾದ ಮೇಲೆ ಆಪಲ್ ಸಂಸ್ಥೆ 2024ರ ಜನವರಿಯಲ್ಲಿ ಐಫೋನಿನ ತಂತ್ರಾಂಶವಾದ ಐಒಎಸ್ 17.3ರ ಜೊತೆಗೆ ಸ್ಟೋಲನ್ ಡಿವೈಸ್ ಪ್ರೊಟೆಕ್ಷನ್ ಎಂಬ ಸೌಲಭ್ಯವನ್ನು ಕೊಟ್ಟಿತು. ಅದನ್ನು ಆನ್ ಮಾಡಿಟ್ಟರೆ, ಮನೆ ಅಥವಾ ಕಚೇರಿಯಂಥ ಪರಿಚಿತ ಜಾಗದಿಂದ ಹೊರಗಿರುವಾಗ ಖಾತೆಯ ಪಾಸ್‌ವರ್ಡ್ ಬದಲಿಸಲು ಮುಖ ಅಥವಾ ಬೆರಳಚ್ಚು ಬೇಕು, ಒಂದು ಗಂಟೆ ಕಾದು ಮತ್ತೊಮ್ಮೆ ಅದನ್ನೇ ತೋರಿಸಬೇಕು. ಆಂಡ್ರಾಯ್ಡ್ ಫೋನುಗಳಿಗೂ ಅದೇ ವರ್ಷ, ಯಾರಾದರೂ ಫೋನ್ ಕಿತ್ತುಕೊಂಡು ಓಡಿದರೆ ಆ ಚಲನೆಯನ್ನು ಗುರುತಿಸಿ ತಾನಾಗಿಯೇ ಲಾಕ್ ಆಗುವ ಸೌಲಭ್ಯ ಬಂದಿತು. ಇವೆರಡನ್ನೂ ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ಆನ್ ಮಾಡಿಟ್ಟುಕೊಳ್ಳುವುದಕ್ಕೆ ಅಪರಿಚಿತರು ಬಂದು ಫೋನ್ ಕೇಳುವವರೆಗೆ ಕಾಯಬೇಕಾಗಿಲ್ಲ.

ಕಸಿದು ಓಡುವವನಿಗಿಂತ ನನಗೆ ಹೆಚ್ಚು ಭಯ ಹುಟ್ಟಿಸಿದ್ದು, ಫೋನನ್ನು ನಯವಾಗಿ ಹಿಂದಿರುಗಿಸಿ ಧನ್ಯವಾದ ಹೇಳಿ ಹೋಗುವವನು. ಡಯಲ್ ಮಾಡುವ ಜಾಗದಲ್ಲಿ * ಚಿಹ್ನೆಯಿಂದ ಆರಂಭವಾಗುವ ಒಂದು ಸಂಕೇತವನ್ನೂ ಅದರ ಜೊತೆಗೆ ತನ್ನದೊಂದು ನಂಬರನ್ನೂ ಒತ್ತಿದರೆ, ನಮಗೆ ಬರುವ ಕರೆಗಳೆಲ್ಲ ಆ ನಂಬರಿಗೆ ತಿರುಗುವಂತೆ ಮಾಡಲು ಬಹಳಷ್ಟು ಮೊಬೈಲ್ ಜಾಲಗಳಲ್ಲಿ ಸಾಧ್ಯವಿದೆ. ಇದಕ್ಕೆ ಕೆಲವೇ ಸೆಕೆಂಡು ಸಾಕು. ಅನೇಕ ಆ್ಯಪ್‌ಗಳಲ್ಲಿ ಒಟಿಪಿಯನ್ನು ಸಂದೇಶದ ಬದಲು ಕರೆಯ ಮೂಲಕ ಕೇಳಿಸಿಕೊಳ್ಳುವ ಅವಕಾಶ ಇರುವುದರಿಂದ, ತಿರುಗಿಸಿದ ಕರೆಯಲ್ಲೇ ಅದು ವಂಚಕನ ಕಿವಿಗೆ ಬಿದ್ದು, ನಮ್ಮ ಖಾತೆ ಅವನ ಕೈ ಸೇರುತ್ತದೆ. ಫೋನ್ ಮಾತ್ರ ನಮ್ಮ ಜೇಬಿನಲ್ಲಿ ಸುರಕ್ಷಿತವಾಗಿಯೇ ಇರುತ್ತದೆ. ಯಾರಿಗಾದರೂ ಫೋನ್ ಕೊಟ್ಟ ಮೇಲೆ ಅನುಮಾನ ಬಂದರೆ *#21# ಒತ್ತಿ ನೋಡಬಹುದು. ಬರುವ ಕರೆಗಳೆಲ್ಲ ಹೀಗೆ ಬೇರೆ ನಂಬರಿಗೆ ತಿರುಗಿವೆಯೇ ಎಂಬುದನ್ನು ಅದು ತೋರಿಸುತ್ತದೆ. ##002# ಒತ್ತಿದರೆ ಅಂಥ ಎಲ್ಲ ತಿರುವುಗಳೂ ರದ್ದಾಗುತ್ತವೆ.

ಇಷ್ಟೆಲ್ಲ ತಿಳಿದ ಮೇಲೂ ಆ ರಾತ್ರಿ ನಾನು ಮಾಡಿದ್ದು ಸರಿ ಎಂದು ನನಗೆ ಅನ್ನಿಸಲಿಲ್ಲ. ಏಕೆಂದರೆ ನಾನು ಇವು ಯಾವುದನ್ನೂ ಲೆಕ್ಕ ಹಾಕಿ ಇಲ್ಲ ಎಂದಿರಲಿಲ್ಲ. ಬಸ್ ಬರುವ ಹೊತ್ತಾಗಿತ್ತು, ಅಷ್ಟೇ. ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು 1973ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದ ವಿವರವನ್ನು ಓದಿದಾಗ ನನ್ನನ್ನೇ ಯಾರೋ ವಿವರಿಸಿದಂತೆ ಅನ್ನಿಸಿತು. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಧರ್ಮಶಾಸ್ತ್ರ ಓದುತ್ತಿದ್ದ 40 ವಿದ್ಯಾರ್ಥಿಗಳನ್ನು ಅವರು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಭಾಷಣ ಮಾಡಲೆಂದು ಕಳುಹಿಸಿದರು. ದಾರಿಯಲ್ಲಿ ಒಬ್ಬ ಮನುಷ್ಯ ಬಾಗಿಲ ಬಳಿ ಕುಸಿದು ಕುಳಿತು ನರಳುತ್ತಿರುವಂತೆ ಏರ್ಪಾಡು ಮಾಡಿದ್ದರು. ಸಾಕಷ್ಟು ಸಮಯವಿದೆ ಎಂದು ತಿಳಿದಿದ್ದವರಲ್ಲಿ ಶೇ. 63ರಷ್ಟು ಮಂದಿ ನೆರವಿಗೆ ಮುಂದಾದರು. ತಡವಾಗಿಹೋಗಿದೆ, ಬೇಗ ಹೋಗಿ ಎಂದು ಹೇಳಿ ಕಳುಹಿಸಿದವರಲ್ಲಿ ನಿಂತು ವಿಚಾರಿಸಿದವರು ಶೇ. 10 ಮಾತ್ರ. ದಾರಿಯಲ್ಲಿ ಬಿದ್ದವನನ್ನು ಎತ್ತಿ ಉಪಚರಿಸಿದ ಸಮಾರ್ಯದವನ ಬೈಬಲ್ ಕಥೆಯ ಮೇಲೆಯೇ ಭಾಷಣ ಮಾಡಲು ಹೊರಟಿದ್ದವರೂ ಅವರಲ್ಲಿದ್ದರು. ಅವರು ಕೆಟ್ಟವರಾಗಿರಲಿಲ್ಲ, ಅವಸರದಲ್ಲಿದ್ದರು. ನಾನು ಕೂಡ ಅವಸರಕ್ಕೆ ಎಚ್ಚರಿಕೆ ಎಂಬ ಹೆಸರಿಟ್ಟು ಬಸ್ ಹತ್ತಿದ್ದೆ.

ಇನ್ನೊಂದು ವಿಷಯವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಹಿಂದೆ ಹೀಗೆ ಅಪರಿಚಿತರ ಮುಂದೆ ಕೈಚಾಚುವ ಅಗತ್ಯವೇ ಇರಲಿಲ್ಲ. ನಾಣ್ಯ ಹಾಕಿ ಮಾತಾಡುವ ಸಾರ್ವಜನಿಕ ಫೋನುಗಳು ನಿಲ್ದಾಣ, ಆಸ್ಪತ್ರೆ, ಬೀದಿಯ ತಿರುವು ಎಲ್ಲೆಡೆ ಇದ್ದವು. ಕೈಯಲ್ಲಿ ಹಿಡಿಯುವ ಮೊಬೈಲ್ ಫೋನಿನ ಮೊದಲ ಕರೆಯನ್ನು 1973ರಲ್ಲಿ ಮೊಟೊರೊಲಾ ಸಂಸ್ಥೆಯ ಎಂಜಿನಿಯರ್ ಮಾರ್ಟಿನ್ ಕೂಪರ್ ಅವರು ಮಾಡಿದ ನ್ಯೂಯಾರ್ಕ್‌ನಲ್ಲೇ, ನಗರಾಡಳಿತದ ಕೊನೆಯ ಸಾರ್ವಜನಿಕ ಫೋನನ್ನು 2022ರ ಮೇ ತಿಂಗಳಲ್ಲಿ ಕಿತ್ತು ಸಾಗಿಸಿದರು. ಆ ಪೆಟ್ಟಿಗೆಗಳು ಹೋದವು, ಆದರೆ ಅವು ಮಾಡುತ್ತಿದ್ದ ಕೆಲಸ ಹೋಗಲಿಲ್ಲ. ಚಾರ್ಜ್ ಮುಗಿದವರು, ಫೋನ್ ಕಳೆದುಕೊಂಡವರು, ಕಸಿದುಕೊಂಡವರಿಂದ ತಪ್ಪಿಸಿಕೊಂಡು ಬಂದವರು ಈಗ ನೆಚ್ಚಬೇಕಾಗಿರುವುದು ಪಕ್ಕದಲ್ಲಿ ನಿಂತವರ ಜೇಬನ್ನು. ಹೀಗೆ ನೋಡಿದಾಗ, ಕೇಳುವವರು ನನ್ನಿಂದ ಉಪಕಾರ ಬೇಡುತ್ತಿದ್ದಾರೆ ಎಂಬ ಭಾವನೆ ಹೋಗಿ, ಎಲ್ಲರಿಗೂ ಸೇರಿದ್ದ ಒಂದು ಸೌಕರ್ಯದ ಉಳಿದ ಭಾಗ ನನ್ನ ಬಳಿ ಇದೆ ಎಂದು ಅನ್ನಿಸತೊಡಗಿತು.

ಸಾರ್ವಜನಿಕ ಫೋನ್ ಜನರಿಗೆ ಕೊಡುತ್ತಿದ್ದುದು ಒಂದು ಕರೆಯನ್ನು. ನಾನು ಕೊಡಬೇಕಾಗಿರುವುದೂ ಅಷ್ಟನ್ನೇ. ಇದು ಹೊಳೆದ ಮೇಲೆ ನನ್ನ ಗೊಂದಲ ಬಹುಮಟ್ಟಿಗೆ ಕಡಿಮೆಯಾಯಿತು. ಈಗ ಯಾರಾದರೂ ಕೇಳಿದರೆ, "ನಂಬರ್ ಹೇಳಿ, ನಾನೇ ಮಾಡಿಕೊಡುತ್ತೇನೆ" ಎನ್ನುತ್ತೇನೆ. ಒಂದು ಹೆಜ್ಜೆ ಹಿಂದೆ ಸರಿದು, ಗೋಡೆಗೋ ಕಂಬಕ್ಕೋ ಬೆನ್ನು ಕೊಟ್ಟು ನಿಂತು, ಪಾಸ್‌ಕೋಡ್ ಒತ್ತದೆ ಬೆರಳಚ್ಚಿನಿಂದ ಲಾಕ್ ತೆಗೆದು, ನಂಬರನ್ನು ನಾನೇ ಒತ್ತಿ, ಸ್ಪೀಕರ್ ಹಾಕಿ ಫೋನನ್ನು ಅವರ ಬಾಯಿಯ ಹತ್ತಿರ ಹಿಡಿಯುತ್ತೇನೆ. ನಿಜವಾಗಿ ಕರೆ ಬೇಕಾಗಿದ್ದ ಯಾರೂ ಇದುವರೆಗೆ ಇದಕ್ಕೆ ಬೇಸರಪಟ್ಟುಕೊಂಡಿಲ್ಲ.

ಒಮ್ಮೆ ರೈಲ್ವೆ ನಿಲ್ದಾಣದಲ್ಲಿ, ಚೀಲವನ್ನೂ ಫೋನನ್ನೂ ಕಳೆದುಕೊಂಡಿದ್ದ ಒಬ್ಬ ಹುಡುಗ ಹೀಗೆಯೇ ಬಂದ. ಅವನಿಗೆ ಬಾಯಿಪಾಠವಾಗಿದ್ದುದು ಅಮ್ಮನ ನಂಬರ್ ಒಂದೇ, ಅದೂ ಚಿಕ್ಕಂದಿನಲ್ಲಿ ಯಾರೋ ರಾಗವಾಗಿ ಹೇಳಿಕೊಟ್ಟಿದ್ದುದರಿಂದ. ನಾನು ನಡುವೆ "ಆಮೇಲೆ?" ಎಂದು ತಡೆದರೆ ಅವನಿಗೆ ಮುಂದಿನ ಅಂಕಿ ಬರುತ್ತಿರಲಿಲ್ಲ. ಮತ್ತೆ ಮೊದಲಿನಿಂದ ಅದೇ ರಾಗದಲ್ಲಿ ಆರಂಭಿಸಬೇಕಿತ್ತು. ಮೂರನೆಯ ಬಾರಿಗೆ ನಾನು ಸುಮ್ಮನಿದ್ದು ಅವನ ಲಯಕ್ಕೆ ಸರಿಯಾಗಿ ಒತ್ತುತ್ತ ಹೋದೆ, ನಂಬರ್ ಪೂರ್ತಿಯಾಯಿತು. ಆದರೆ ಅಮ್ಮ ಎತ್ತಲಿಲ್ಲ. ಎರಡನೆಯ ಸಲವೂ ಎತ್ತಲಿಲ್ಲ. ಗೊತ್ತಿಲ್ಲದ ನಂಬರಿನ ಕರೆಯನ್ನು ಈಗ ಬಹಳ ಜನ ಎತ್ತುವುದಿಲ್ಲ ಎಂಬುದು ಆಗ ನೆನಪಾಗಿ, "ಮೊದಲು ಸಂದೇಶ ಕಳಿಸೋಣ, ನೀನೇ ಎಂದು ಅವರಿಗೆ ಗೊತ್ತಾಗುವಂಥ ಏನಾದರೂ ಹೇಳು" ಎಂದೆ. ಅವನು ಸ್ವಲ್ಪ ಹೊತ್ತು ಯೋಚಿಸಿ ಮನೆಯ ಬೆಕ್ಕಿನ ಹೆಸರನ್ನು ಹೇಳಿದ. ಅದನ್ನು ಸೇರಿಸಿ, ಫೋನ್ ಕಳೆದಿದೆ, ಈಗ ಬರುವ ಕರೆಯನ್ನು ಎತ್ತಿ ಎಂದು ಟೈಪ್ ಮಾಡಿ ಕಳಿಸಿದೆ. ಕರೆ ಮಾಡುವ ಮೊದಲೇ ಆ ಕಡೆಯಿಂದ ಫೋನ್ ರಿಂಗಾಯಿತು. ಅಂದಿನಿಂದ ನಾನು ಯಾವಾಗಲೂ ಮೊದಲು ಸಂದೇಶವನ್ನೇ ಕಳಿಸುತ್ತೇನೆ.

ಆಂಬುಲೆನ್ಸ್ ಅಥವಾ ಪೊಲೀಸರಿಗೆ ಕರೆ ಬೇಕಾಗಿದ್ದರಂತೂ ಯೋಚಿಸುವುದಕ್ಕೆ ಏನೂ ಇಲ್ಲ. ಲಾಕ್ ಆಗಿರುವ ಪರದೆಯ ಮೇಲೇ ತುರ್ತು ಕರೆಯ ಗುಂಡಿ ಇರುತ್ತದೆ, ಫೋನಿನೊಳಗಿನ ಬೇರೆ ಯಾವುದೂ ಅದರಿಂದ ತೆರೆದುಕೊಳ್ಳುವುದಿಲ್ಲ.

ಫೋನನ್ನೇ ಕೈಗೆ ಕೊಡಬೇಕಾದ ಸಂದರ್ಭಗಳಿಗಾಗಿ ಆಂಡ್ರಾಯ್ಡ್‌ನಲ್ಲಿ 2014ರ ಲಾಲಿಪಾಪ್ ಆವೃತ್ತಿಯಿಂದ ಸ್ಕ್ರೀನ್ ಪಿನ್ನಿಂಗ್ ಇದೆ, ಐಫೋನ್‌ನಲ್ಲಿ 2012ರಿಂದ ಗೈಡೆಡ್ ಆಕ್ಸೆಸ್ ಇದೆ. ಎರಡೂ ಫೋನನ್ನು ಒಂದೇ ಆ್ಯಪ್‌ಗೆ ಕಟ್ಟಿಹಾಕುತ್ತವೆ, ಪಾಸ್‌ಕೋಡ್ ಕೊಟ್ಟ ಹೊರತು ಹೊರಬರಲಾಗದಂತೆ ಮಾಡಿಡಬಹುದು. ಇವುಗಳನ್ನು ಮನೆಯಲ್ಲಿ ಕುಳಿತು ನಾಲ್ಕು ಸಲ ಮಾಡಿ ನೋಡಿರಬೇಕು. ನಿಲ್ದಾಣದ ಗದ್ದಲದಲ್ಲಿ, ಎದುರಿಗೆ ಒಬ್ಬರು ಅಳುತ್ತ ನಿಂತಿರುವಾಗ ಸೆಟ್ಟಿಂಗ್ಸ್ ಹುಡುಕಿದರೆ ಅದು ಸಿಗುವುದಿಲ್ಲ.

ಇಲ್ಲ ಎನ್ನಬೇಕಾದ ಸಂದರ್ಭಗಳೂ ಇವೆ, ಅಲ್ಲಿ ನನಗೆ ಯಾವ ಸಂಕೋಚವೂ ಇಲ್ಲ. ನಾನೇ ಡಯಲ್ ಮಾಡುತ್ತೇನೆ ಎಂದ ಮೇಲೂ ಫೋನ್ ತನ್ನ ಕೈಗೇ ಬೇಕು ಎಂದು ಹಟ ಹಿಡಿಯುವವರಿಗೆ, * ಅಥವಾ # ಇರುವ ನಂಬರ್ ಹೇಳುವವರಿಗೆ, ನಿಮ್ಮ ಫೋನಿಗೆ ಒಂದು ಸಂಖ್ಯೆ ಬರುತ್ತದೆ ಅದನ್ನು ಓದಿ ಹೇಳಿ ಎನ್ನುವವರಿಗೆ, ಮಾತಾಡುತ್ತಲೇ ಜನರ ನಡುವೆ ಸರಿದುಹೋಗಲು ನೋಡುವವರಿಗೆ ನಾನು ಕೊಡುವುದಿಲ್ಲ. ಆದರೆ ಚಾರ್ಜ್ ಇಲ್ಲ ಎಂದು ಹೇಳುವುದಿಲ್ಲ, ಕೊಡಲಾರೆ ಎಂದೇ ಹೇಳುತ್ತೇನೆ. ಸುಳ್ಳು ನೆಪವನ್ನು ಕೇಳಿಸಿಕೊಂಡವರು ತಮ್ಮನ್ನು ಕಳ್ಳರೆಂದು ತಿಳಿದರು ಎಂದುಕೊಂಡೇ ಹೋಗುತ್ತಾರೆ ಎಂಬುದನ್ನು ಆ ಮಹಿಳೆಯ ಕಣ್ಣುಗಳಲ್ಲಿ ನೋಡಿದ್ದೇನೆ.

ಸ್ಪೀಕರ್ ಹಾಕಿ ನಾನೇ ಹಿಡಿದುಕೊಳ್ಳುವ ಈ ಪದ್ಧತಿಯಲ್ಲಿ ಒಂದು ಕೊರತೆಯಿದೆ, ಅದನ್ನು ನನಗೆ ಕಲಿಸಿದ್ದು ಒಂದು ಆಸ್ಪತ್ರೆಯ ಪಡಸಾಲೆ. ಸಂಬಂಧಿಕರೊಬ್ಬರನ್ನು ನೋಡಿಕೊಂಡು ಹೊರಡುವ ಹೊತ್ತಿಗೆ, ನಡುವಯಸ್ಸಿನ ಒಬ್ಬರು ಎದುರಿಗೆ ಬಂದು, "ಊರಿಗೆ ಒಂದು ವಿಷಯ ತಿಳಿಸಬೇಕಿತ್ತು, ನನ್ನ ಫೋನ್ ಒಡೆದುಹೋಗಿದೆ" ಎಂದರು. ಎಂದಿನಂತೆ ನಂಬರ್ ಕೇಳಿ ಒತ್ತಿದೆ, ಸ್ಪೀಕರ್ ಹಾಕಿದೆ. ಆ ಕಡೆಯಿಂದ ಹೆಣ್ಣುಮಗಳೊಬ್ಬಳ ದನಿ "ಹಲೋ, ಯಾರು?" ಎಂದಿತು. ಅವರು ಬಾಯಿ ತೆರೆದರು, ಮಾತು ಹೊರಡಲಿಲ್ಲ. ನನ್ನನ್ನು ನೋಡಿದರು, ಪಕ್ಕದ ಬೆಂಚಿನಲ್ಲಿ ಕುಳಿತಿದ್ದವರನ್ನು ನೋಡಿದರು. ಅವರು ಯಾವ ವಿಷಯವನ್ನು ತಿಳಿಸಬೇಕಾಗಿದೆ ಎಂಬುದು ನನಗೆ ಆಗ ಅರ್ಥವಾಯಿತು. ಅದನ್ನು ಹತ್ತು ಜನರ ಕಿವಿಗೆ ಬೀಳುವಂತೆ ಹೇಳಬೇಕಾದ ಸ್ಥಿತಿಗೆ ನಾನೇ ಅವರನ್ನು ತಂದಿದ್ದೆ. ಸ್ಪೀಕರ್ ಆರಿಸಿ ಫೋನನ್ನು ಅವರ ಕೈಗಿಟ್ಟೆ. ಪಿನ್ ಮಾಡಲಿಲ್ಲ, ಏನನ್ನೂ ಮಾಡಲಿಲ್ಲ, ಆ ಹೊತ್ತಿನಲ್ಲಿ ಅದು ನೆನಪಿಗೂ ಬರಲಿಲ್ಲ. ಅವರು ಗೋಡೆಯ ಕಡೆಗೆ ಮುಖ ಮಾಡಿ, ಹಣೆಯನ್ನು ಗೋಡೆಗೆ ಒತ್ತಿಕೊಂಡು, ತೀರ ಸಣ್ಣ ದನಿಯಲ್ಲಿ ಮಾತಾಡಿದರು. ನಾನು ನಾಲ್ಕು ಹೆಜ್ಜೆ ದೂರ ನಿಂತಿದ್ದೆ. ಮುಗಿದ ಮೇಲೆ ಅವರು ಅಂಗಿಯ ಅಂಚಿನಿಂದ ಪರದೆಯನ್ನು ಎರಡು ಸಲ ಒರೆಸಿ ಫೋನನ್ನು ಹಿಂದಿರುಗಿಸಿದರು.

ಇಂಥ ಕರೆಗಳು ಒಮ್ಮೆಗೇ ಮುಗಿಯುವುದಿಲ್ಲ ಎಂಬುದು ಆ ದಿನವೇ ಗೊತ್ತಾಯಿತು. ಆ ಕಡೆಯವರ ಬಳಿ ಉಳಿಯುವುದು ನಮ್ಮ ನಂಬರ್ ಮಾತ್ರ. ಕೆಳಗಿಳಿದು ಹೊರಬಾಗಿಲು ದಾಟುವಷ್ಟರಲ್ಲಿ ಫೋನ್ ರಿಂಗಾಯಿತು, ಅದೇ ನಂಬರ್. ಎತ್ತಿದೆ. "ಅಣ್ಣ ಇದ್ದಾನಾ ಅಲ್ಲಿ? ಅಣ್ಣಂಗೆ ಕೊಡ್ತೀರಾ?" ಎಂದು ಆಕೆ ಅಳುತ್ತ ಕೇಳಿದಳು. "ಒಂದು ನಿಮಿಷ ಇರಮ್ಮ, ಇಡಬೇಡ" ಎಂದು ಹೇಳಿ ಮೆಟ್ಟಿಲು ಹತ್ತಿ ಮೂರನೆಯ ಮಹಡಿಗೆ ಹೋದೆ. ಅವರು ಅದೇ ಗೋಡೆಯ ಬಳಿ ನಿಂತಿದ್ದರು. ಫೋನನ್ನು ಅವರ ಕೈಗೆ ಕೊಟ್ಟು, ಪಕ್ಕದ ಬೆಂಚಿನಲ್ಲಿ ಕುಳಿತೆ.