ಹಳೇ ಕೋಡಿಗೆ ಯೂನಿಕೋಡ್

ಈ ವಾರ ಪೂರ್ತಿ ಡೆಲ್ಫಿ 7 ಅನ್ನೋ ಪ್ರೋಗ್ರಾಮಿಂಗ್ ಸಾಧನದಲ್ಲಿ ಬರೆದ ಒಂದು ಹಳೇ ಬಿಲ್ಲಿಂಗ್ ಸಾಫ್ಟ್‌ವೇರನ್ನು ಯೂನಿಕೋಡ್‌ಗೆ, ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತ ಪದ್ಧತಿಗೆ, ತರುವ ಕೆಲಸ. ಡೆಲ್ಫಿ 2009ರಿಂದ ಸ್ಟ್ರಿಂಗ್ (ಕೋಡಿನಲ್ಲಿ ಪಠ್ಯ ಇಡುವ ಜಾಗ) ಅಂದರೆ ಯೂನಿಕೋಡ್ ಸ್ಟ್ರಿಂಗೇ, ಅಕ್ಷರ ಸಂಕೇತವೊಂದಕ್ಕೆ ಎರಡು ಬೈಟ್. ಕಂಪೈಲ್ (ಕೋಡನ್ನು ಓಡುವ ಪ್ರೋಗ್ರಾಂ ಮಾಡೋದು) ಏನೋ ಆಗಿಬಿಡುತ್ತದೆ, ತಲೆನೋವು ಶುರುವಾಗೋದು ಆಮೇಲೆ. ಒಂದು ಅಕ್ಷರಕ್ಕೆ ಒಂದೇ ಬೈಟ್ ಅಂತ ನಂಬಿ ಬರೆದ ಸಾಲುಗಳು ಅರ್ಧ ಡೇಟಾ ನಕಲು ಮಾಡಿ ಸುಮ್ನಾಗುತ್ತವೆ. ಎರರ್ ಕೂಡ ಬರುವುದಿಲ್ಲ!

ಗ್ರಾಹಕರ ಹೆಸರು ‘ಲಕ್ಷ್ಮಿ’ ಅಂತಿಟ್ಟುಕೊಳ್ಳಿ. ಕಣ್ಣಿಗೆ ಎರಡೇ ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಎರಡು ಹಲಂತ, ಕೊನೆಯ ಗುಡಿಸು ಎಲ್ಲ ಸೇರಿ 7 ಸಂಕೇತ. ಫೈಲಿಗೆ ಯೂನಿಕೋಡ್ ಬರೆಯುವ ರೀತಿಯಾದ ಯುಟಿಎಫ್-8ರಲ್ಲಿ ಉಳಿಸಿದರೆ, ಕನ್ನಡ ಸಂಕೇತಕ್ಕೆ ಮೂರರಂತೆ 21 ಬೈಟ್. ಹೆಸರಿಗೆ 20 ಬೈಟ್ ಜಾಗ ಇಟ್ಟಿದ್ದ ಫೈಲಿನಲ್ಲಿ ಗುಡಿಸು ತುಂಡಾಗಿ, ಅಲ್ಲೊಂದು ಪ್ರಶ್ನೆ ಚಿಹ್ನೆ ಬಂದು ಕೂರುತ್ತದೆ.

ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಹೆಸರುಗಳದ್ದು ಬೇರೆಯೇ ಕಥೆ. ಒಳಗಿರುವುದು ಇಂಗ್ಲಿಷ್ ಸಂಕೇತ, ಮೇಲೆ ಕನ್ನಡದ ವೇಷ ಅಷ್ಟೇ. ಅಕಾರಾದಿಯಲ್ಲಿ ಜೋಡಿಸು ಅಂದರೆ ಪಟ್ಟಿ ಎತ್ತಲೋ ಹೋಗುತ್ತದೆ.

ಆದರೂ ಆ ಕೋಡ್ ಬರೆದವರನ್ನು ಬೈಯಲು ಮನಸ್ಸು ಬರುವುದಿಲ್ಲ. ಆಗ ಪರದೆ ಮೇಲೆ ಕನ್ನಡ ಮೂಡಿದ್ದೇ ಜಾಸ್ತಿ ಅಲ್ವಾ?

ಪ್ರಿಂಟಿಂಗ್ ಇನ್ನೂ ಬಾಕಿ ಇದೆ. ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ಗೆ ಕನ್ನಡವನ್ನು ಚಿತ್ರ ಮಾಡಿಯೇ ಕಳಿಸಬೇಕು.