ಗಾಳಿಗೆ ತಿರುಗುವ ಬೋರ್ಡು ಮಾಡಿದೆ

'ಸೈಕಲ್ ರಿಪೇರಿ' ಅಂತ ಬರೆದ ಬೋರ್ಡು ಗಾಳಿಗೆ ತಾನಾಗೇ ತಿರುಗಬೇಕು, ಇದು ನನ್ನ ಬಹಳ ದಿನದ ಆಸೆ. ಒಂದೂವರೆ ಅಡಿ ಅಗಲದ ಅಲ್ಯೂಮಿನಿಯಂ ತಗಡು, ನಡುವೆ ಕಬ್ಬಿಣದ ಶಾಫ್ಟ್, ಮೇಲೆ ಕೆಳಗೆ ಒಂದೊಂದು 6202 ನಂಬರಿನ ಬಾಲ್ ಬೇರಿಂಗ್. ಕಂಬಕ್ಕೆ ಕೂರಿಸಿದೆ. ಗಾಳಿ ಬೀಸಿತು. ಬೋರ್ಡು ಒಮ್ಮೆ ಹೊರಳಿ, ಗಾಳಿಗೆ ಅಡ್ಡಲಾಗಿ ನಿಂತುಬಿಟ್ಟಿತು! ಚಪ್ಪಟೆ ತಗಡನ್ನು ನಡುವೆ ಹಿಡಿದರೆ ಎರಡೂ ಕಡೆ ಒತ್ತಡ ಸಮ, ಮತ್ತೆ ಹೇಗೆ ತಿರುಗೀತು ಅಲ್ವಾ?

ಬಿಚ್ಚಿ, ದಪ್ಪ ಪೈಪಿನ ಮೇಲೆ ಒತ್ತಿ ಒಂದು ಅಂಚನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ಬಾಗಿಸಿದೆ. ಅಕ್ಷರಗಳಿಗಾಗಿ ನಡುಭಾಗ ಹಾಗೇ ಬಿಟ್ಟೆ. ಈಗ ಮೇಲಿಂದ ನೋಡಿದರೆ ಇಂಗ್ಲಿಷಿನ 'ಎಸ್'. ಬೊಗಸೆಯಂಥ ಒಳಬದಿ ಗಾಳಿ ಹಿಡಿಯುತ್ತದೆ, ಉಬ್ಬಿದ ಹೊರಬದಿಯಿಂದ ಗಾಳಿ ಜಾರಿ ಹೋಗುತ್ತದೆ. ಫಿನ್ಲೆಂಡಿನ ಸಿಗುರ್ಡ್ ಸವೋನಿಯಸ್ 1920ರ ದಶಕದಲ್ಲಿ ಗಾಳಿಯಂತ್ರ ಮಾಡಿದ್ದೂ ಇದೇ ಉಪಾಯದಿಂದ. ಗಾಳಿ ಯಾವ ದಿಕ್ಕಿಂದ ಬಂದರೂ ಒಂದೇ ಕಡೆಗೆ ತಿರುಗುತ್ತದೆ, ನನಗೆ ತುಂಬಾ ಹಿಡಿಸಿದ್ದು ಇದೇ.

ಒಂದು ತಪ್ಪೂ ಆಯಿತು. ಬೇರಿಂಗ್ ಜೋಡಿಸಿದ ಮೇಲೆ ಶಾಫ್ಟಿಗೆ ಕಾಲರ್ (ಕಬ್ಬಿಣದ ಬಳೆ) ವೆಲ್ಡ್ ಮಾಡಿದೆ, ವೆಲ್ಡಿಂಗ್ ಕರೆಂಟು ವಾಪಸ್ ಹೋಗುವ ಅರ್ಥಿಂಗ್ ಕ್ಲಾಂಪ್ ಇದ್ದದ್ದು ಕಂಬದಲ್ಲಿ. ಕರೆಂಟು ಬೇರಿಂಗಿನೊಳಗಿಂದಲೇ ಹರಿಯಿತು. ಬೆರಳಲ್ಲಿ ತಿರುಗಿಸಿದರೆ ಕರಕರ ಸದ್ದು. ಗುಂಡುಗಳ ಮೇಲೆ ಚುಕ್ಕೆ ಚುಕ್ಕೆ ಕುಳಿ. ಎರಡನ್ನೂ ಬದಲಿಸಬೇಕಾಯಿತು. ಕ್ಲಾಂಪನ್ನು ವೆಲ್ಡ್ ಮಾಡುವ ತುಂಡಿಗೇ ಹಾಕಿ, ಬೇರಿಂಗನ್ನು ಕೊನೆಗೆ ಕೂರಿಸಿ.

ಜಾಸ್ತಿ ಹೊತ್ತು ಹಿಡಿದದ್ದು ಬ್ಯಾಲೆನ್ಸ್. ಬೇರಿಂಗ್ ಬಿಚ್ಚಿಟ್ಟು, ಸಮಮಟ್ಟದ ಎರಡು ಆಂಗಲ್ ಪಟ್ಟಿಗಳ ಅಂಚಿನ ಮೇಲೆ ಶಾಫ್ಟಿನ ತುದಿಗಳನ್ನು ಮಲಗಿಸಿದೆ. ಮೂರು ಸಲ ತಿರುಗಿಸಿದೆ, ಮೂರು ಸಲವೂ ಅದೇ ಅಂಚು ಮೆಲ್ಲಗೆ ಕೆಳಗೆ ಬಂತು. ಸೀಮೆಸುಣ್ಣದಲ್ಲಿ ಗುರುತು ಹಾಕಿ, ಎದುರಿನ ಅಂಚಿಗೆ ವಾಷರ್ ಅಂಟಿಸುತ್ತಾ ಹೋದೆ. ಮೂರನೇ ವಾಷರಿಗೆ, ಹೇಗೆ ಬಿಟ್ಟೆನೋ ಹಾಗೇ ನಿಂತಿತು. ಆ ಕ್ಷಣ ಸುಮ್ನೆ ನೋಡುತ್ತಾ ನಿಂತೆ.

ಮಳೆನೀರು ಇಳಿಯದಂತೆ ಮೇಲಿನ ಬೇರಿಂಗಿಗೆ ತಗಡಿನ ಟೋಪಿ ಹಾಕಿದ್ದೇನೆ. ಅಲ್ಯೂಮಿನಿಯಂ ಕಬ್ಬಿಣಕ್ಕೆ ತಾಗಿದರೆ ನೀರಲ್ಲಿ ಬೇಗ ಸವೆದುಹೋಗುತ್ತದೆ, ಅದಕ್ಕೇ ನಡುವೆ ರಬ್ಬರ್.

ಈಗ ಬೆಳಗಿನ ಸಣ್ಣ ಗಾಳಿಗೂ ನಿಧಾನ ತಿರುಗುತ್ತದೆ, ಅಕ್ಷರ ಆರಾಮಾಗಿ ಓದಬಹುದು. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಹಾಗಾಗಿ ಮೋಡ ಕಟ್ಟಿದ ಸಂಜೆ ಬೋರ್ಡಿನ ಅಂಚನ್ನು ಗಾಳಿಯ ಕಡೆ ತಿರುಗಿಸಿ, ಶಾಫ್ಟಿನ ತೂತಿಗೆ ಪಿನ್ ಸಿಕ್ಕಿಸಿ ಮನೆಗೆ ಹೋಗುತ್ತೇನೆ.